ಕೋಡಿಗೆ ಬಿದ್ದ ಮೀನು

ಬಿ.ಎಸ್ಸಿ., ಬಿ.ಎಡ್. ಓದಿದವನಿಗೆ ಈ ಪ್ರಪಂಚದಲ್ಲಿ ಕೆಟ್ಟುಹೋದ ವಸ್ತುಗಳನ್ನೆಲ್ಲ ಸರಿಮಾಡಲು ಬರುತ್ತದೆ ಎಂಬುದು ನಮ್ಮ ಬಂಧುಬಳಗದವರ ದೃಢವಾದ ನಂಬಿಕೆ. ಮಿಕ್ಸರು ನಿಂತರೆ ನನಗೆ ಫೋನು, ಇನ್ವರ್ಟರು ಗೊರಗೊರ ಅಂದರೆ ನನಗೆ ಫೋನು. ಕಳೆದ ಮಳೆಗಾಲದಲ್ಲಿ ಒಂದು ಭಾನುವಾರ ಬೆಳಿಗ್ಗೆ ಬೀದರಿನಿಂದ ತಂಗಿಯ ಫೋನು ಬಂದಾಗಲೂ ಅಂಥದೇ ಏನೋ ಇರಬೇಕೆಂದುಕೊಂಡೆ.

"ಅಣ್ಣಾ, ಲಗೂನ ಬಾ. ನಿನ್ನ ಅಳಿಯ ನಾಷ್ಟಾ ಬಿಟ್ಟು ಕೂತಾನ. ಅವನ ಮೀನು ಪೆಟ್ಟಿಗ್ಯಾಗ ಬಿದ್ದದ."

ನಾನಿರುವುದು ಭಾಲ್ಕಿಯಲ್ಲಿ. ಒಂದು ಬೆರಳುದ್ದದ ಮೀನಿಗಾಗಿ ಬಸ್ಸು ಹತ್ತಿ ಬೀದರಿಗೆ ಹೋಗುವುದೆಂದರೆ ನಮ್ಮ ಮನೆಯವರಿಗೆ ನಗು. ಆದರೂ ಹೊರಟೆ. ಆ ಗಾಜಿನ ತೊಟ್ಟಿಯ ಮೇಲೆ ನನಗೂ ಕುತೂಹಲವಿತ್ತೆಂಬುದನ್ನು ಮುಚ್ಚಿಡುವುದಿಲ್ಲ.

ಸಮುದ್ರವನ್ನು ಕಾಣಬೇಕಾದರೆ ಒಂದು ರಾತ್ರಿ ಪೂರ್ತಿ ಪ್ರಯಾಣ ಮಾಡಬೇಕಾದ ಊರು ನಮ್ಮ ಬೀದರು. ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಬಯಲಿನ ಮೇಲೆ ಕುಳಿತಿರುವ ಈ ಊರಿನಲ್ಲಿ ಅಳಿಯ ಸಮುದ್ರವನ್ನೇ ಮನೆಗೆ ತಂದಿದ್ದಾನೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅವನ ತೊಟ್ಟಿ 250 ಲೀಟರಿನದು. ಅಂದರೆ ಒಂಬತ್ತು ಕಿಲೋಗೆ ತುಸು ಕಡಿಮೆ ಉಪ್ಪು! ಅದೂ ಅಡುಗೆಯ ಉಪ್ಪಲ್ಲ, ಮೆಗ್ನೀಸಿಯಂ, ಕ್ಯಾಲ್ಸಿಯಂ ಮುಂತಾದವನ್ನು ಸಮುದ್ರದ ಪ್ರಮಾಣದಲ್ಲೇ ಬೆರೆಸಿದ, ಬೆಲೆಯ ಉಪ್ಪು. "ನಮ್ಮ ಅಡಿಗಿಗೆ ವರ್ಷಕ್ಕ ಅಷ್ಟ ಉಪ್ಪ ಹತ್ತಂಗಿಲ್ಲ" ಎಂದು ತಂಗಿಯ ದೂರು.

ತೊಟ್ಟಿಯ ಹಿಂದಿನ ಮೂಲೆಯಲ್ಲಿ ಒಂದು ಗೇಣು ಅಗಲದ ಕಪ್ಪು ಪೆಟ್ಟಿಗೆಯಿದೆ. ಅದರ ಮೇಲಂಚು ಬಾಚಣಿಗೆಯ ಹಲ್ಲಿನಂತೆ. ತೊಟ್ಟಿಯ ನೀರು ಆ ಹಲ್ಲುಗಳ ನಡುವಿನಿಂದ ಪೆಟ್ಟಿಗೆಯೊಳಕ್ಕೆ ಧುಮುಕುತ್ತದೆ. ಅಲ್ಲಿ ನಿಂತಿರುವ ಪೈಪಿನ ಬಾಯಿಯಿಂದ ಕೆಳಗಿನ ಇನ್ನೊಂದು ತೊಟ್ಟಿಗೆ ಇಳಿದು, ಸೋಸಿಕೊಂಡು, ಪಂಪಿನ ಮೂಲಕ ಮತ್ತೆ ಮೇಲಕ್ಕೆ ಬರುತ್ತದೆ. ಇಳಿಯುವುದು ತನ್ನ ಭಾರದಿಂದ, ಏರುವುದು ಮಾತ್ರ ಕರೆಂಟಿನಿಂದ. ಮಟ್ಟ ಹಿಡಿದು ನೀರಿಳಿಸುವ ವಿದ್ಯೆ ಬೀದರಿಗೆ ಹೊಸದೇನಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ನೌಬಾದಿನ ನೆಲದಡಿಯಲ್ಲಿ ಕೊರೆದ ಕರೇಜಿನ ಸುರಂಗದಲ್ಲೂ ನೀರು ಹರಿದದ್ದು ಇಳಿಜಾರನ್ನು ನಂಬಿಯೇ. ಅಳಿಯ ಆ ಪೆಟ್ಟಿಗೆಗೆ 'ಓವರ್‌ಫ್ಲೋ ಬಾಕ್ಸ್' ಅನ್ನುತ್ತಾನೆ. ನಾನು ನೋಡಿದವನೇ, "ಅಂದರೆ ಕೋಡಿ ಅನ್ನು" ಎಂದೆ. ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ಇದಕ್ಕೂ ಸಲ್ಲುತ್ತದೆ.

ಆ ಕೋಡಿಯೊಳಗೆ ಹಳದಿ ಬಾಲದ ನೀಲಿ ಮೀನೊಂದು ರಾತ್ರಿ ಹಾರಿ ಬಿದ್ದಿತ್ತು. ಡ್ಯಾಮ್ಸೆಲ್ ಜಾತಿಯದು.

"ಮಾಮಾ, ಎರಡು ತಾಸಾತು. ಬಲಿ ಹಾಕಿ ಹಾಕಿ ಸಾಕಾಯ್ತು. ಪೈಪಿನ ಹಿಂದ ಹೋಗಿ ಕೂಡ್ತದ. ಪೈಪನ್ನೇ ಕಿತ್ತು ತೆಗೀಲೇನು?"

ಬೇಡವೆಂದೆ. ಪೈಪು ಕಿತ್ತರೆ ಪೆಟ್ಟಿಗೆಯ ನೀರೆಲ್ಲ ಒಮ್ಮೆಲೇ ಕೆಳಗಿಳಿಯುತ್ತದೆ, ಜೊತೆಗೆ ಮೀನೂ ಕೊಳವೆಗೆ ಸೆಳೆದುಹೋಗಿ ಬಾಗಿನಲ್ಲಿ ಸಿಕ್ಕಿಕೊಳ್ಳಬಹುದು. ಇಣುಕಿ ನೋಡಿದೆ. ಮೀನು ದಣಿದಿತ್ತು, ಪಕ್ಕೆಯ ಒಂದೆರಡು ಹುರುಪೆ ಎದ್ದಿದ್ದವು. ವಾಸ್ತವವಾಗಿ ಆ ಪೆಟ್ಟಿಗೆಯೊಳಗೆ ಮೀನಿಗೆ ತಕ್ಷಣದ ಅಪಾಯವೇನೂ ಇರಲಿಲ್ಲ. ಸದಾ ಹೊಸ ನೀರು ಧುಮುಕುತ್ತಿರುತ್ತದೆ, ನೀರಿನೊಡನೆ ಗಾಳಿಯೂ, ಮೇಲೆ ತೇಲಿದ ಆಹಾರದ ತುಣುಕೂ ಬೀಳುತ್ತಿರುತ್ತವೆ. ಕೆಲವು ದಿನ ಬದುಕಿಯೇ ಇರುತ್ತಿತ್ತು. ಎರಡು ತಾಸಿನಿಂದ ಅದನ್ನು ಸಾವಿನ ಕಡೆಗೆ ಅಟ್ಟುತ್ತಿದ್ದುದು ಅಳಿಯನ ಬಲೆ.

ಬಲೆಯನ್ನು ಮೇಲಕ್ಕೆತ್ತಿಸಿದಾಗ ನನಗೆ ನೆನಪಾದದ್ದು ಕಾಲೇಜಿನ ಪ್ರಾಣಿಶಾಸ್ತ್ರದ ಪುಸ್ತಕವಲ್ಲ, ಔರಾದಿನ ಒಬ್ಬ ಹುಡುಗ.

1998ರಲ್ಲಿ ನನ್ನ ಮೊದಲ ನೌಕರಿ ಔರಾದ್ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಊರ ಮಗ್ಗುಲಿಗೆ ಒಂದು ಸಣ್ಣ ಕೆರೆ. ಒಂಬತ್ತನೆಯ ತರಗತಿಯ ಆ ಹುಡುಗನ ಮನೆಯವರು ಮೀನು ಹಿಡಿಯುವವರು. ಕೆರೆ ಕೋಡಿ ಬಿತ್ತೆಂದರೆ ಹುಡುಗ ಶಾಲೆಗೆ ನಾಪತ್ತೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಸಾಲಾಗಿ ಕೆಂಪು ಗುರುತು ಹಾಕುವುದರಲ್ಲಿ ಹೊಸ ಮಾಸ್ತರನಾದ ನನಗೆ ಏನೋ ಒಂದು ಶಿಸ್ತಿನ ಸಂತೋಷ. ಒಂದು ದಿನ ಅವನು ಬಂದಾಗ ಇಡೀ ತರಗತಿಯ ಎದುರು, "ಮೀನು ಹಿಡಿಯುವವನಿಗೆ ಆರ್ಕಿಮಿಡೀಸ್ ಯಾಕೆ ಬೇಕಪ್ಪಾ?" ಎಂದೆ. ಮಕ್ಕಳೆಲ್ಲ ನಕ್ಕರು. ಅವನು ತಲೆ ತಗ್ಗಿಸಿ ನಿಂತಿದ್ದ. ಜಾಣತನದ ಮಾತು ಆಡಿದೆನೆಂದು ನಾನೂ ನಕ್ಕೆ.

ಅದಾದ ಕೆಲವು ದಿನಕ್ಕೆ ಕೆರೆಯ ಕಡೆ ತಿರುಗಾಡಲು ಹೋದೆ. ಕೋಡಿ ನಿಂತಿತ್ತು. ಕೆಳಗಿನ ಬಂಡೆಗಳ ನಡುವೆ ಅಲ್ಲಲ್ಲಿ ಗುಂಡಿಗಳಲ್ಲಿ ನೀರು ಉಳಿದಿತ್ತು. ಆ ಗುಂಡಿಗಳ ತುಂಬ ಮೀನು ಮರಿಗಳು. ಮೀನಿನ ಪಕ್ಕೆಯುದ್ದಕ್ಕೂ ಇರುವ ಪಾರ್ಶ್ವರೇಖೆ ನೀರಿನ ಅಲುಗಾಟವನ್ನು ಹಿಡಿಯುತ್ತದೆ, ಹರಿವಿಗೆ ಮುಖ ಮಾಡಿ ಈಜುವುದು ಎಷ್ಟೋ ಮೀನುಗಳ ಸ್ವಭಾವ ಎಂದು ನಾನು ಪಾಠ ಮಾಡುತ್ತಿದ್ದೆ. ಕೋಡಿಯ ಜೊತೆ ಕೊಚ್ಚಿಬಂದವು, ಹಳ್ಳದಿಂದ ಅದಕ್ಕೆ ಎದುರಾಗಿ ಏರಿಬಂದವು, ಎಲ್ಲವೂ ನೀರು ನಿಂತ ಮೇಲೆ ಅಲ್ಲಿಯೇ ಬಂದಿಗಳು. ಎರಡು ಬಿಸಿಲು ಬಿದ್ದರೆ ಮುಗಿಯಿತು. ಹುಡುಗ ಅವನ್ನು ಗಡಿಗೆಯಲ್ಲಿ ತುಂಬಿ ತುಂಬಿ ಕೆರೆಗೆ ಬಿಡುತ್ತಿದ್ದ.

"ಯಾಕೋ?" ಎಂದೆ.

"ಈಟೀಟ ಮರಿ ಯಾರೂ ತಗೊಳ್ಳಂಗಿಲ್ರಿ ಸರ್. ಕೆರ್ಯಾಗ ಬಿಟ್ರ ಮುಂದಿನ ವರ್ಷ ನಮಗೇ ಸಿಗ್ತಾವ."

ನಾನೂ ಪ್ಯಾಂಟು ಮಡಚಿ ಗುಂಡಿಗಿಳಿದೆ. ಅರ್ಧ ಗಂಟೆ ಎರಡು ಕೈಯಿಂದ ತಡಕಾಡಿದರೂ ಒಂದೂ ಸಿಗಲಿಲ್ಲ. ಹುಡುಗ ಸಂಕೋಚದಿಂದಲೇ ಹೇಳಿದ:

"ಬೆನ್ನ ಹತ್ತಬ್ಯಾಡ್ರಿ ಸರ್. ಬೆನ್ನ ಹತ್ತಿದ್ರ ಕಲ್ಲಿನ ಸಂದ್ಯಾಗ ಹೋಗ್ತದ. ಅದಕ್ಕ ಕೂಡ್ಲಿಕ್ಕ ಜಾಗಾ ಮಾಡಿ ಕೊಡ್ರಿ, ತಾನೇ ಬರ್ತದ."

ಮಸಿ ಹಿಡಿದ ಗಡಿಗೆಯನ್ನು ನೀರಿನಲ್ಲಿ ಅಡ್ಡ ಮಲಗಿಸಿ, ಮೇಲೆ ಸೊಪ್ಪು ಹೊದಿಸಿ ಕತ್ತಲೆ ಮಾಡಿದ. ಎದುರು ದಂಡೆಯಲ್ಲಿ ಸುಮ್ಮನೆ ನಿಂತ. ನಾಲ್ಕೇ ನಿಮಿಷ. ಒಂದೊಂದಾಗಿ ಒಳಗೆ ಹೋದವು. ಮೆಲ್ಲಗೆ ಗಡಿಗೆಯನ್ನು ನೆಟ್ಟಗೆ ಮಾಡಿ ನೀರು ಸಮೇತ ಎತ್ತಿಕೊಂಡ.

ಬೀದರಿನಲ್ಲಿ ನಾನು ಮಾಡಿದ್ದೂ ಅಷ್ಟೇ. ಪಂಪು ನಿಲ್ಲಿಸಿದೆ. ಹಲ್ಲುಗಳಿಂದ ನೀರು ಬೀಳುವುದು ನಿಂತು, ಪೆಟ್ಟಿಗೆಯ ನೀರು ಪೈಪಿನ ಬಾಯಿಯ ಮಟ್ಟಕ್ಕೆ ಇಳಿಯಿತು. ಒಂದು ತೆಳುವಾದ ನಳಿಕೆಯಿಂದ ಸೈಫನ್ ಮಾಡಿ ಇನ್ನಷ್ಟು ನೀರನ್ನು ಸ್ವಚ್ಛವಾದ ಬಕೀಟಿಗೆ ಇಳಿಸಿದೆವು. ಗೇಣುದ್ದ ನೀರು ಉಳಿಯಿತು. ಮುಖ್ಯ ತೊಟ್ಟಿಯೊಳಗೆ ನೀರು ಕಲಕುವ ಬೇರೊಂದು ಸಣ್ಣ ಮೋಟಾರು ಇದ್ದುದರಿಂದ ಅಲ್ಲಿನ ಮೀನುಗಳಿಗೆ ಉಸಿರಿನ ತೊಂದರೆಯಿರಲಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಹೊರಗಿನಿಂದ ಕಪ್ಪು ಪ್ಲಾಸ್ಟಿಕ್ ಸುತ್ತಿ, ಒಳಗೆ ತೊಟ್ಟಿಯದೇ ಒಂದು ಕಲ್ಲಿಟ್ಟು, ಕೊರಳಿಗೊಂದು ತಳಕ್ಕೊಂದು ದಾರ ಕಟ್ಟಿ ಪೆಟ್ಟಿಗೆಯ ತಳದಲ್ಲಿ ಅಡ್ಡ ಮಲಗಿಸಿದೆ. ಕೋಣೆಯ ದೀಪ ಆರಿಸಿ, "ಚಹಾ ಕುಡಿಯೋಣ ಬಾ" ಎಂದು ಅಳಿಯನನ್ನು ಎಬ್ಬಿಸಿಕೊಂಡು ಹೋದೆ. ಈ ಚಹಾ ಕುಡಿಯುವ ಭಾಗವೇ ಅವನಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ತಿರುಗಿ ಬಂದು ನೋಡಿದರೆ ಡಬ್ಬಿಯ ಬಾಯಲ್ಲಿ ಹಳದಿ ಬಾಲ. ಕೊರಳಿನ ದಾರ ಎಳೆದೆ, ಡಬ್ಬಿ ನೆಟ್ಟಗಾಯಿತು. ನೀರು ಸಮೇತ ಎತ್ತಿ ತೊಟ್ಟಿಗೆ ಬಗ್ಗಿಸಿದೆವು.

"ಇನ್ನ ಆ ಹಲ್ಲಿನ ಸಂದಿ ಪೂರಾ ಮುಚ್ಚಿಬಿಡ್ತೀನಿ ಮಾಮಾ" ಎಂದ ಅಳಿಯ. ಕೋಡಿ ಮುಚ್ಚಿದರೆ ಕೆರೆ ಒಡೆಯುತ್ತದೆ ಎಂಬುದು ನಮ್ಮ ಹಳ್ಳಿಯವರಿಗೆಲ್ಲ ಗೊತ್ತು. ಪಂಪು ನೀರು ತರುತ್ತಲೇ ಇರುತ್ತದೆ, ಹೋಗಲು ದಾರಿಯಿಲ್ಲದೆ ಅದು ತಂಗಿಯ ಹಾಲಿನ ತುಂಬ ಹರಿಯುತ್ತದೆ. ಮೇಲೆ ಪ್ಲಾಸ್ಟಿಕ್ ಜಾಲರಿ ಹಾಕು, ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ತೊಳಿ ಎಂದೆ.

ಅಷ್ಟರಲ್ಲಿ ತೊಟ್ಟಿಯೊಳಗಿನ ಕಿತ್ತಳೆ ಬಣ್ಣದ ಕ್ಲೌನ್ ಮೀನು ನಮ್ಮ ನೀಲಿಯನ್ನು ಅಟ್ಟಿಸಿಕೊಂಡು ಬಂತು. ತನ್ನ ಜಾಗವೆಂದು ಗುರುತಿಸಿಕೊಂಡಲ್ಲಿ ಅದು ಬೇರೆಯವರನ್ನು ಸಹಿಸುವುದಿಲ್ಲ. ನೀಲಿ ಮೀನು ನೇರವಾಗಿ ಕೋಡಿಯ ಮೂಲೆಗೇ ಓಡಿತು. ಆಗ ತಿಳಿಯಿತು: ಅದು ಆಟಕ್ಕೆ ಹಾರಿ ಬಿದ್ದದ್ದಲ್ಲ, ತಪ್ಪಿಸಿಕೊಂಡು ಹೋದದ್ದು. ಆ ಮಧ್ಯಾಹ್ನ ತೊಟ್ಟಿಯ ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿ, ಇನ್ನೊಂದು ಮಗ್ಗುಲಿನಲ್ಲಿ ಅದಕ್ಕೊಂದು ಗವಿ ಮಾಡಿಕೊಟ್ಟೆವು.

"ಮಾಮಾ, ಇದನ್ನೆಲ್ಲ ಬಿ.ಎಸ್ಸಿ.ಯಾಗ ಕಲಿಸ್ತಾರೇನು?" ಎಂದು ಅಳಿಯ ಕೇಳಿದ. "ಇಲ್ಲ, ಒಂಬತ್ತನೆಯ ತರಗತಿಯಲ್ಲಿ" ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಏಕೆಂದರೆ ಆ ಹುಡುಗ ಹತ್ತನೆಯ ತರಗತಿಗೆ ಬರಲೇ ಇಲ್ಲ. ಕೆರೆಯ ದಂಡೆಯಲ್ಲಿ ಅವನಿಂದ ಪಾಠ ಕಲಿತವನು ಮರುದಿನ ತರಗತಿಯಲ್ಲಿ ಅದನ್ನು ಹೇಳಬಹುದಾಗಿತ್ತು. ಹೇಳಲಿಲ್ಲ. ನಕ್ಕ ಮಕ್ಕಳು ನಗುತ್ತಲೇ ಇದ್ದರು. ಜೂನಿನಲ್ಲಿ ವಿಚಾರಿಸಿದರೆ, ಮನೆಯವರ ಜೊತೆ ಹೈದರಾಬಾದಿಗೆ ಕೂಲಿಗೆ ಹೋದನೆಂದು ತಿಳಿಯಿತು. ಬಡತನವೇ ಕಾರಣವೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳೂ ಅಲ್ಲ. ಆದರೆ ಹಾರಿಹೋಗುವ ಮುನ್ನ ಅಟ್ಟಿದವರು ಯಾರು ಎಂಬುದನ್ನು ನಾನು ಕೇಳಿಕೊಂಡಿರಲಿಲ್ಲ. 2016ರಲ್ಲಿ, ಬೇಸಿಗೆಯಲ್ಲಿ ನೆರೆಯ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತಂದ ಆ ವರ್ಷ, ಸೆಪ್ಟೆಂಬರಿನಲ್ಲಿ ಮಳೆ ಸುರಿದು ನಮ್ಮ ಜಿಲ್ಲೆಯ ಕೆರೆಗಳು ತುಂಬಿದಾಗ ಭಾಲ್ಕಿಯ ಸುತ್ತಿನ ಕೋಡಿಗಳನ್ನು ನೋಡಲು ಹೋಗಿದ್ದೆ. ಬಲೆ ಹಿಡಿದು ನಿಂತ ಮೂವತ್ತರ ಆಸುಪಾಸಿನ ಪ್ರತಿಯೊಬ್ಬನ ಮುಖವನ್ನೂ ದಿಟ್ಟಿಸಿದೆ. ಸಿಕ್ಕಿದ್ದರೆ ಏನು ಹೇಳುತ್ತಿದ್ದೆನೋ!

ಬೀದರಿನಿಂದ ಬಂದ ಮರುದಿನ ಸೋಮವಾರ. ಹಾಜರಿ ಕರೆಯುವಾಗ ಒಬ್ಬ ಹುಡುಗಿಯ ಹೆಸರಿನ ಮುಂದೆ ನಾಲ್ಕನೆಯ ಕೆಂಪು ಗುರುತು ಹಾಕಬೇಕಾಗಿ ಬಂತು. ಹಾಕಿದೆ, ನಿಯಮ ನಿಯಮವೇ. ಸಂಜೆ ಶಾಲೆ ಬಿಟ್ಟ ಮೇಲೆ ಅವಳ ಮನೆ ಯಾವ ಓಣಿಯಲ್ಲಿದೆಯೆಂದು ವಿಚಾರಿಸಿಕೊಂಡು ಹೋದೆ. ಬಾಗಿಲಲ್ಲಿ ನನ್ನನ್ನು ಕಂಡು ಅವಳು ಒಳಗೆ ಓಡಿದಳು. ನಾನು ಕರೆಯಲಿಲ್ಲ. ಅವಳ ಅಜ್ಜಿ ಹಾಸಿದ ಚಾಪೆಯ ಮೇಲೆ ಕುಳಿತು, "ಒಂದು ಕಪ್ ಚಹಾ ಮಾಡ್ರಿ ಆಯಿ" ಎಂದೆ.