ಅಂಗಳದ ಎರಡು ಗಾಡಿ

ಕಾರಿನ ಮಾತು ಗಂಡಸರದು, ನಮಗೇಕೆ ಎಂದು ಪುಟ ತಿರುವಬೇಡಿ ಸೋದರಿ. ಒಂದು ಮಿಕ್ಸರ್ ಕೊಳ್ಳಲು ನಾಲ್ಕು ಮನೆ ವಿಚಾರಿಸುವವರು ನಾವು. ಮನೆಮಂದಿಯನ್ನೆಲ್ಲ ಹೊತ್ತು ಓಡುವ ಗಾಡಿಯ ಬಗ್ಗೆ ಮಾತಾಡಬಾರದೇ?

ಗೋಕಾಕದ ನಮ್ಮ ಅಂಗಳದಲ್ಲಿ ಎರಡು ಹಳೆಯ ಕಾರುಗಳಿವೆ. ಮಾವನವರ ಅಂಬಾಸಿಡರ್, ನಮ್ಮವರು ಕೊಂಡ ಮಾರುತಿ 800. "ಎರಡಕ್ಕೂ ಜಾಗಾ ಇಲ್ಲವಾ, ಒಂದ ಮಾರಿಬಿಡೂಣು" ಎಂದು ಮಗನ ಹಟ. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ತಪಾಸಣೆ, ಫೀ. ಅವನು ಹೇಳುವುದೂ ಸುಳ್ಳಲ್ಲ. ಆದರೆ ಯಾವುದನ್ನು ಮಾರುವುದು?

ಅಂಬಾಸಿಡರ್ 1950ರ ದಶಕದ ಕೊನೆಯಲ್ಲಿ ಬಂದದ್ದು, ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚು. ಮಾರುತಿ ಬಂದದ್ದು 1983ರ ಡಿಸೆಂಬರಿನಲ್ಲಿ. ಎರಡರ ತಯಾರಿಕೆಯೂ 2014ರಲ್ಲೇ ನಿಂತಿತು ನೋಡಿ!

ಅಂಬಾಸಿಡರಿನ ಎಂಜಿನ್ ಮುಂದೆ, ಎಳೆತ ಹಿಂದಿನ ಗಾಲಿಗೆ. ನಡುವೆ ಉದ್ದನೆಯ ಉಕ್ಕಿನ ಶಾಫ್ಟು. ಹಿಂದಿನ ಸೀಟಿನಲ್ಲಿ ನಡುವೆ ಕುಳಿತವರ ಕಾಲಿಗೆ ಒಂದು ಉಬ್ಬು ತಾಗುತ್ತದಲ್ಲ, ಅದು ಈ ಶಾಫ್ಟು ಹಾಯಲು ಮಾಡಿದ ದಾರಿ. ಆ ನಡುವಿನ ಜಾಗ ಯಾವಾಗಲೂ ಸೊಸೆಯದೇ ಎಂದು ಬೇರೆ ಹೇಳಬೇಕೇ? ಮಾರುತಿಯಲ್ಲಿ 796 ಸಿ.ಸಿ.ಯ ಪುಟ್ಟ ಎಂಜಿನ್ ಅಡ್ಡಲಾಗಿ ಕೂತು ಮುಂದಿನ ಗಾಲಿಗಳನ್ನೇ ತಿರುಗಿಸುತ್ತದೆ, ಎತ್ತು ಮುಂದೆ ನಿಂತು ಬಂಡಿ ಎಳೆದ ಹಾಗೆ. ಆ ಉದ್ದ ಶಾಫ್ಟೇ ಬೇಡ, ಗಾಡಿಯೂ ಹಗುರ.

ಹಿಂದೆ ಭಾರ ಹೇರಿದಷ್ಟೂ ಅಂಬಾಸಿಡರಿನ ಗಾಲಿಗಳು ನೆಲವನ್ನು ಕಚ್ಚಿ ಹಿಡಿಯುತ್ತವೆ. ಮೂಡಲಗಿಯ ನನ್ನ ತವರಿನಿಂದ ಜೋಳದ ಚೀಲಗಳ ಜೊತೆ ಏಳು ಜನ ಬಂದದ್ದುಂಟು. ಒಬ್ಬರೋ ಇಬ್ಬರೋ ಹೋಗುವಾಗ ಮಾತ್ರ ಮಾರುತಿಯೇ ಸೈ. ಎಂಜಿನ್ನಿನ ಭಾರವೇ ಎಳೆಯುವ ಗಾಲಿಯ ಮೇಲಿರುವುದರಿಂದ ಮಳೆಗಾಲದ ಎರಿಮಣ್ಣಿನಲ್ಲೂ ಹಿಡಿತ ಸಿಗುತ್ತದೆ.

ವೈನಿಗೆ ನಡುರಾತ್ರಿ ಬ್ಯಾನಿ ಎದ್ದಾಗ ಮೂಡಲಗಿಯಿಂದ ಗೋಕಾಕಕ್ಕೆ ಕರೆತಂದದ್ದು ಅಂಬಾಸಿಡರ್. ಹಿಂದಿನ ಸೀಟಿನಲ್ಲಿ ಆಕೆ ಕಾಲು ಚಾಚಿ ಮಲಗಿದ್ದಳು. ಮಾರುತಿಯಲ್ಲಿ ಆ ಜಾಗ ಎಲ್ಲಿ? ಆದರೆ ಅವತ್ತು ಡ್ರೈವರನನ್ನು ಎಬ್ಬಿಸಿ ತರುವವರೆಗೆ ನಾವು ಹೆಂಗಸರೆಲ್ಲ ಗಾಡಿಯ ಮುಖ ನೋಡುತ್ತ ನಿಂತಿದ್ದೆವು. ಭಾರದ ಸ್ಟೇರಿಂಗು, ಅದರ ಪಕ್ಕದಲ್ಲೇ ಗೇರಿನ ಹಿಡಿ. ನಮಗೆ ಕಲಿಸುತ್ತೇನೆಂದವರು ಯಾರೂ ಇರಲಿಲ್ಲ.

ಮಾರುತಿಯನ್ನು ನಾನು ನಲವತ್ತು ದಾಟಿದ ಮೇಲೆ ಕಲಿತೆ. ಹುಕ್ಕೇರಿಯಲ್ಲಿರುವ ಮಗಳಿಗೆ ಜ್ವರ, ಅಳಿಯಂದಿರು ಊರಲ್ಲಿಲ್ಲ ಎಂದು ಸುದ್ದಿ ಬಂದಾಗ ಯಾರನ್ನೂ ಕಾಯಲಿಲ್ಲ ನೋಡ್ರಿ. ಡಬ್ಬಿಗೆ ಗಂಜಿ ತುಂಬಿಕೊಂಡು ಘಟಪ್ರಭಾ ಮೇಲೆ ಹಾಯ್ದು ಹೋಗಿಬಿಟ್ಟೆ.

ಹಾಗಾಗಿ ಮಗನಿಗೆ ಹೇಳಿದ್ದೇನೆ, "ಮುತ್ಯಾನ ಗಾಡಿ ಮಾರಪಾ, ನನ್ನದನ್ನ ಮುಟ್ಟಬ್ಯಾಡ." ನಮ್ಮವರ ಮುಖ ಸಣ್ಣದಾಯಿತು, ಅಪ್ಪನ ನೆನಪಲ್ಲವೇ. ಎರಡು ದಿನ ಮಾತಿಲ್ಲ. ಮೂರನೆಯ ದಿನ ತಾವೇ ಕಾಗದಪತ್ರ ಹುಡುಕಿಕೊಟ್ಟರು.

ನಿಮ್ಮಲ್ಲೂ ಹಳೆ ಗಾಡಿ ಮಾರುವ ಮಾತಿದ್ದರೆ 29 ಮತ್ತು 30ನೇ ನಮೂನೆಗೆ ಸಹಿ ಮಾಡಿ ಸುಮ್ಮನಾಗಬೇಡಿ. ಆರ್.ಟಿ.ಓ. ಕಚೇರಿಯಲ್ಲಿ ಗಾಡಿ ಕೊಂಡವರ ಹೆಸರಿಗೆ ಆಗುವ ತನಕ ಅದರ ಜವಾಬ್ದಾರಿ ನಿಮ್ಮ ತಲೆಯ ಮೇಲೇ ಇರುತ್ತದೆ.