ತರೀಕೆರೆಯ ಬೆಟ್ಟಗಳ ಕಡೆಗೆ

ಸಿಂಗಟಗೆರೆಗೆ ನೆಂಟರ ಮನೆಗೆ ಬಂದಿದ್ದೀರಾ? ಒಂದು ದಿನ ಬುತ್ತಿ ಕಟ್ಟಿಕೊಂಡು ಮಕ್ಕಳೊಂದಿಗೆ ಕಡೂರು, ಬೀರೂರು ದಾಟಿ ತರೀಕೆರೆಗೆ ಹೋಗಿ ಬನ್ನಿ. ರಾಗಿ ಹೊಲ, ತೆಂಗಿನ ತೋಟಗಳು ಹಿಂದೆ ಸರಿದು ಹಸಿರು ಬೆಟ್ಟಗಳು ಎದುರಾಗುತ್ತವೆ. ಎಲ್ಲರೂ ಕಲ್ಲತ್ತಿಗಿರಿ ಜಲಪಾತಕ್ಕೆ ಓಡುತ್ತಾರೆ. ನೀವು ಸ್ವಲ್ಪ ನಿಂತು ಆ ಬೆಟ್ಟಗಳನ್ನು ನೋಡಿ.

1830ರಲ್ಲಿ ತರೀಕೆರೆಯ ಪಾಳೆಯಗಾರರು ಮೈಸೂರು ಅರಸರ ವಿರುದ್ಧ ದಂಗೆಯೆದ್ದು ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದರು. ಇಷ್ಟು ಹಣ ವಸೂಲು ಮಾಡಲೇಬೇಕೆಂದು ಅಮಲ್ದಾರರಿಂದ ಬರೆಸಿಕೊಳ್ಳುತ್ತಿದ್ದ ‘ಶರ್ತು’ ಪದ್ಧತಿಯಿಂದ ನೊಂದ ನಗರ ಸೀಮೆಯ ರೈತರೂ ಕೂಟ ಕಟ್ಟಿದ್ದರು. 1831ರಲ್ಲಿ ಬ್ರಿಟಿಷರು ಇದೇ ನೆಪದಲ್ಲಿ ಆಡಳಿತ ವಹಿಸಿಕೊಂಡರು, ಮರಳಿಸಿದ್ದು 1881ರಲ್ಲಿ!

ಪುಸ್ತಕಗಳಲ್ಲಿ ಸರ್ಜಾ ಹನುಮಪ್ಪ ನಾಯಕರ ಹೆಸರಿದೆ. ವಸೂಲಿಯವರು ಬಂದಾಗ ಮಕ್ಕಳ ಪಾಲಿನ ರಾಗಿಯನ್ನು ಬಚ್ಚಿಟ್ಟಿರಬಹುದಾದ ತಾಯಂದಿರ ಹೆಸರಿಲ್ಲ. ಬುತ್ತಿ ಬಿಚ್ಚುವಾಗ ಮಕ್ಕಳು ಕಥೆ ಕೇಳಿದರೆ ಅವರಿಂದಲೇ ಶುರು ಮಾಡಿ.