ನಿಮ್ಮ ಮಹೀಂದ್ರಾ ಸೋತಿತಂತೆ

ಫಿಲಿಪೀನ್ಸ್‌ನ ಪತ್ರಿಕೆಗಳಲ್ಲಿ ಕ್ರೀಡಾ ಪುಟ ತೆರೆದವರಿಗೆ ಮೊದಮೊದಲು ವಾಣಿಜ್ಯ ಪುಟವೇ ಕಣ್ಣಿಗೆ ಬಿತ್ತೇನೋ ಅನ್ನಿಸುತ್ತದೆ. 2022ರವರೆಗೆ ಹಾಲಿನ ಕಂಪನಿ ಬಿಯರ್ ಕಂಪನಿಗೆ ಮಣ್ಣು ಮುಕ್ಕಿಸಿರುತ್ತಿತ್ತು. ಪೇಂಟಿನವರು ಕೊನೆಯ ನಿಮಿಷದಲ್ಲಿ ವಿದ್ಯುತ್ತಿನವರ ಫ್ಯೂಸು ಕಿತ್ತಿರುತ್ತಾರೆ. 1975ರ ಏಪ್ರಿಲ್ 9ರಂದು ಮನಿಲಾ ಮಹಾನಗರದ ಅರನೇಟಾ ಕೊಲಿಸಿಯಂನಲ್ಲಿ ಶುರುವಾದ ಪಿಬಿಎ, ಏಷ್ಯಾದ ಮೊದಲ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗು. ಅಲ್ಲಿ ತಂಡಗಳಿಗೆ ಊರಿನ ಹೆಸರಿಲ್ಲ, ಕಂಪನಿಯ ಹೆಸರು, ಮಾಲಿನ ಹೆಸರು. ದೇಶವೇ ಮುಗಿಬಿದ್ದು ಪ್ರೀತಿಸುವ ಜಿನೆಬ್ರಾ ತಂಡದ ಹೆಸರು ಬಂದದ್ದು ಜಿನ್ ಬಾಟಲಿಯಿಂದ. ವಿಸ್ಕಿಯ ಹೆಸರಿಟ್ಟುಕೊಂಡ ಕ್ರಿಕೆಟ್ ತಂಡಕ್ಕೆ ಹದಿನೆಂಟನೆಯ ಸೀಸನ್ನಿನವರೆಗೆ ಹರಕೆ ಹೊತ್ತುಕೊಂಡಿದ್ದ ನಾವು ಇದಕ್ಕೆ ನಗುವಂತಿಲ್ಲ.

ಗಂಡಸರ ಎತ್ತರ ಸರಾಸರಿ ಐದಡಿ ನಾಲ್ಕಿಂಚಿನ ಆಸುಪಾಸಿನಲ್ಲಿರುವ ದೇಶ, ಹತ್ತಡಿ ಮೇಲೆ ತೂಗುವ ಬುಟ್ಟಿಗೆ ಹೇಗೆ ಮನಸೋತಿತೋ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದವರು ತಂದ ಆಟ. ತಂದವರು ಹೋದರೂ ಆಟ ಹೋಗಲಿಲ್ಲ. ಓಣಿಯ ಕಂಬಕ್ಕೋ ತೆಂಗಿನ ಮರಕ್ಕೋ ಹಲಗೆ ಹೊಡೆದು ಬಳೆ ಸಿಕ್ಕಿಸಿರುತ್ತಾರೆ. ಹುಡುಗರು ಹವಾಯಿ ಚಪ್ಪಲಿಯಲ್ಲೇ ಹಾರುತ್ತಾರೆ. ಅಂಥ ಊರಿಗೆ ಕೆಲಸದ ಮೇಲೆ ಹೋದ ನನ್ನನ್ನು ಊಟ ಆಯಿತೇ ಅಂತ ಕೇಳಿದಷ್ಟೇ ಸಹಜವಾಗಿ ಎಲ್ಲರೂ ಕೇಳುತ್ತಿದ್ದರು: ನಿಮ್ಮದು ಯಾವ ತಂಡ?

ಯಾವುದೂ ಇಲ್ಲ ಎಂದು ನುಣುಚಿಕೊಳ್ಳುತ್ತಿದ್ದೆ. 2015ರಲ್ಲಿ ಆ ದಾರಿ ಮುಚ್ಚಿತು. ಲೀಗಿಗೆ ‘ಮಹೀಂದ್ರಾ ಎನ್‌ಫೋರ್ಸರ್’ ಎಂಬ ತಂಡ ಬಂತು.

ನಮ್ಮ ಕಟ್ಟಡದ ಕಾವಲುಗಾರರನ್ನು ಎಲ್ಲರೂ ಕುಯಾ ಎನ್ನುತ್ತಿದ್ದರು, ಅಣ್ಣ ಅಂತ. ಹುಟ್ಟಾ ಜಿನೆಬ್ರಾ ಭಕ್ತರು. ಕಟ್ಟಡದಲ್ಲಿದ್ದ ಒಬ್ಬನೇ ಭಾರತೀಯ ನಾನಾದ್ದರಿಂದ ಅವರ ಲೆಕ್ಕದಲ್ಲಿ ಆ ತಂಡ ನನ್ನದೇ ಆಯಿತು. ಬೆಳಿಗ್ಗೆ ಲಿಫ್ಟಿನ ಹತ್ತಿರ ದನಿ ತಗ್ಗಿಸಿ, “ಸರ್, ರಾತ್ರಿ ನಿಮ್ಮ ಮಹೀಂದ್ರಾ ಸೋತಿತಂತೆ” ಅನ್ನುವರು. ಮಗ ಫೇಲಾದ ಸುದ್ದಿ ಕೇಳಿದ ತಂದೆಯ ಹಾಗೆ ನಾನೂ ಮುಖ ಸಣ್ಣ ಮಾಡಿ ಒಳಗೆ ಹೋಗುವೆ. ಸಂತಾಪವನ್ನು ಅಷ್ಟೊಂದು ಸಲ ಸ್ವೀಕರಿಸಿದ ಮೇಲೆ ನಂಟು ತಪ್ಪಿಸಿಕೊಳ್ಳಲಾದೀತೇ?

ಆ ತಂಡದ ಹಿಂದಿನ ವರ್ಷದ ಹೆಸರು ಕಿಯಾ. ಎರಡೂ ಗಾಡಿಗಳನ್ನು ಅಲ್ಲಿ ಮಾರುತ್ತಿದ್ದ ವಿತರಕರದೇ ತಂಡ. ಯಾವ ಗಾಡಿ ಓಡಬೇಕೋ ಅದರ ಹೆಸರು ಆಟಗಾರರ ಬನಿಯನ್ನಿನ ಮೇಲೆ. ಕೋಚ್ ಯಾರು ಗೊತ್ತೇ? ಎಂಟು ತೂಕದ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದ ಬಾಕ್ಸರ್ ಮ್ಯಾನಿ ಪ್ಯಾಕಿಯಾವೊ. ಕೋಚೂ ಅವರೇ, ಆಟಗಾರರೂ ಅವರೇ, ಮೇಲಾಗಿ ಸಂಸದರು. ತಂಡದ ಅಭ್ಯಾಸಕ್ಕೆ ಬಿಡುವಾಗುತ್ತಿದ್ದದ್ದು ಉಳಿದೆರಡು ಉದ್ಯೋಗಗಳಿಂದ ಪುರುಸೊತ್ತು ಸಿಕ್ಕಾಗ. 2014ರ ಅಕ್ಟೋಬರಿನ ಮೊದಲ ಆಟದಲ್ಲಿ ಏಳು ನಿಮಿಷದಷ್ಟು ಆಡಿ ಒಂದು ಅಂಕವನ್ನೂ ಗಳಿಸಲಿಲ್ಲ. ತಂಡ ಗೆದ್ದಿತು. ಆಮೇಲೆ ಆ ಟೂರ್ನಿಯ ಉಳಿದ ಹತ್ತೂ ಆಟ ಸೋತಿತು. ಮುಂದಿನ ಟೂರ್ನಿಗೆ ಏಳಡಿ ಮೂರಿಂಚಿನ ಪೀಟರ್ ಜಾನ್ ರಾಮೋಸ್‌ನನ್ನು ಪೋರ್ಟೊ ರಿಕೊದಿಂದ ಕರೆತಂದರು. ಕೋಚ್ ಐದೂವರೆ ಅಡಿ. ಎದುರಾಳಿ ತಂಡದ ಅಮೆರಿಕನ್ ಆಟಗಾರ ಡೇನಿಯಲ್ ಆರ್ಟನ್, ಪ್ಯಾಕಿಯಾವೊ ಆಡುವುದೇ ಒಂದು ತಮಾಷೆ ಎಂದುಬಿಟ್ಟ. ಲೀಗು ಅವನಿಗೆ ಎರಡೂವರೆ ಲಕ್ಷ ಪೆಸೊ ದಂಡ ಹಾಕಿತು, ಅವನ ತಂಡ ಅವನನ್ನು ಬದಲಿಸಿತು. ದಿಟ ಹೇಳುವುದಕ್ಕೂ ಅಲ್ಲಿ ದರಪಟ್ಟಿ ಇತ್ತು.

ಒಮ್ಮೆ ಕುಯಾ ನನ್ನನ್ನು ಅರನೇಟಾಕ್ಕೆ ಎಳೆದುಕೊಂಡು ಹೋದರು. ಒಂದೇ ಟಿಕೆಟ್ಟಿಗೆ ಎರಡು ಆಟ. ಸಂಜೆಯ ಮೊದಲ ಆಟ ಮಹೀಂದ್ರಾದ್ದು, ರಾತ್ರಿಯದು ಜಿನೆಬ್ರಾದ್ದು. ಮೊದಲಿನದಕ್ಕೆ ಬಂದಿದ್ದವರಲ್ಲಿ ಬಹುಪಾಲು ಎರಡನೆಯದಕ್ಕೆ ಜಾಗ ಹಿಡಿಯಲು ಬಂದವರು. ಬೆಳ್ಳುಳ್ಳಿ ಹಾಕಿ ಹುರಿದ ಶೇಂಗಾ ಮೆಲ್ಲುತ್ತ, ನಮ್ಮವರು ಸೋಲುವುದನ್ನು ಬಸ್ ಕಾಯುವವರ ತಾಳ್ಮೆಯಿಂದ ನೋಡುತ್ತಿದ್ದರು. ಕುಯಾ ಮಾತ್ರ ನನ್ನ ದಾಕ್ಷಿಣ್ಯಕ್ಕೆ ಬಿದ್ದು ಆಗಾಗ ಚಪ್ಪಾಳೆ ತಟ್ಟಿದರು. ಜಿನೆಬ್ರಾ ಅಂಗಳಕ್ಕೆ ಇಳಿದದ್ದೇ ತಡ, ಛಾವಣಿ ಹಾರುವಂಥ ಕೂಗು. ಪಕ್ಕದಲ್ಲಿದ್ದ ಸಂಭಾವಿತ ಮನುಷ್ಯ ಎಲ್ಲಿ ಹೋದರೋ ತಿಳಿಯಲಿಲ್ಲ.

ನಾನು ಊರಿಗೆ ಮರಳಿದ ಮೇಲೆ ತಂಡಕ್ಕೆ ಮತ್ತೆ ಮತ್ತೆ ನಾಮಕರಣವಾಯಿತು. ಪ್ರವಾಹದಲ್ಲೂ ಓಡುವ ಗಾಡಿಯೆಂದು ‘ಫ್ಲಡ್‌ಬಸ್ಟರ್’, ಮರಳಿ ಕಿಯಾ, ಆಮೇಲೆ ಕೊಲಂಬಿಯನ್, ಕೊನೆಗೆ ಟೆರಾಫರ್ಮಾ. ಕಿಯಾ ಹೆಸರಿನಲ್ಲಿ 2017ರ ಗವರ್ನರ್ಸ್ ಕಪ್‌ನ ಹನ್ನೊಂದಕ್ಕೆ ಹನ್ನೊಂದೂ ಸೋಲು. ಅದೇ ವರ್ಷ ಸಿಕ್ಕ ಮೊದಲ ಆಯ್ಕೆಯ ಹಕ್ಕನ್ನು, ಅಂದರೆ ಕ್ರಿಶ್ಚಿಯನ್ ಸ್ಟಾಂಡ್‌ಹಾರ್ಡಿಂಗರ್ ಎಂಬ ಬಲಾಢ್ಯನನ್ನು, ಸಾನ್ ಮಿಗೆಲ್ ಎಂಬ ಬಿಯರ್ ತಂಡಕ್ಕೆ ಬಿಟ್ಟುಕೊಟ್ಟರು. ಹೆಸರು ನಿಲ್ಲದು, ಆಟಗಾರ ನಿಲ್ಲನು, ಗೆಲುವಂತೂ ಬರದು. ಅಭಿಮಾನ ಪಡುವವನು ಹಿಡಿದುಕೊಳ್ಳುವುದಾದರೂ ಏನನ್ನು? ಕುಯಾ ಮಾತ್ರ ಹಬ್ಬಕ್ಕೊಂದು ಮೆಸೇಜು ಕಳಿಸಿ ಕೊನೆಯಲ್ಲಿ ಸೇರಿಸುತ್ತಿದ್ದರು: ‘ನಿಮ್ಮ ಮಹೀಂದ್ರಾ ಈ ಸಲವೂ...’

2024ರ ಫಿಲಿಪೀನ್ ಕಪ್‌ನಲ್ಲಿ ಆ ಮಾತು ಬದಲಾಯಿತು. ಲೀಗ್ ಹಂತದ ಹನ್ನೊಂದು ಆಟಗಳಲ್ಲಿ ಐದು ಗೆಲುವು, ಆರು ಸೋಲು. ಅಲ್ಲಿ ‘ಫೈವ್-ಸಿಕ್ಸ್’ ಎಂದರೆ ಸ್ಕೂಟರಿನಲ್ಲಿ ಸುತ್ತುವ ಭಾರತೀಯರ ಕೈಸಾಲದ ವ್ಯವಹಾರ, ಐದು ಕೊಟ್ಟು ಆರು ವಸೂಲಿ. “ಐದು-ಆರು! ಇದು ನಿಮ್ಮವರದೇ ತಂಡ ಅಂತ ಈಗ ಖಾತ್ರಿಯಾಯಿತು ಸರ್” ಎಂದು ಕುಯಾ ಬರೆದರು. ಎಂಟನೆಯ ಸ್ಥಾನಕ್ಕೆ ನಾರ್ತ್‌ಪೋರ್ಟ್ ತಂಡವನ್ನು ಸೋಲಿಸಿ, 2016ರ ಬಳಿಕ ಮೊದಲ ಸಲ ಕ್ವಾರ್ಟರ್‌ಫೈನಲ್. ಎದುರಿಗೆ ಹನ್ನೊಂದರಲ್ಲಿ ಹತ್ತು ಗೆದ್ದ ಅದೇ ಸಾನ್ ಮಿಗೆಲ್.

ಅಲ್ಲೊಂದು ನಿಯಮವಿದೆ. ಪಟ್ಟಿಯಲ್ಲಿ ಮೇಲಿರುವವರು ಒಮ್ಮೆ ಗೆದ್ದರೆ ಸಾಕು. ಕೆಳಗಿರುವವರು ಎರಡು ಸಲ ಗೆಲ್ಲಬೇಕು. ಜಗತ್ತಿನ ಎಲ್ಲ ಕಚೇರಿಗಳಲ್ಲೂ ಇರುವ ನಿಯಮವೇ. ಪಿಬಿಎಯವರು ಬಾಯಿಬಿಟ್ಟು ಹೇಳಿದ್ದಾರೆ, ಅಷ್ಟೆ. ಮೊದಲ ಆಟವನ್ನು ಟೆರಾಫರ್ಮಾ ಗೆದ್ದೇಬಿಟ್ಟಿತು, 110–106. ನಾನು ಕೂಗಿದ ಕೂಗಿಗೆ ಒಳಗಿನಿಂದ ಓಡಿಬಂದ ಮನೆಯವಳಿಗೆ ಬಿಯರ್ ಸೋತಿತು ಎಂದೆ. ನೆಟ್ಟಗಿದ್ದೀರಾ ಎಂದು ನೋಡಿ ಹೋದಳು. ಎರಡನೆಯ ಆಟದಲ್ಲಿ ಸಾನ್ ಮಿಗೆಲ್‌ಗೆ ಪ್ರಜ್ಞೆ ಮರಳಿತು. ನಮ್ಮ ಸೀಸನ್ ಅಲ್ಲಿಗೆ ಮುಗಿಯಿತು.

ಆ ಸೀಸನ್ನಿನ ಅತ್ಯುತ್ತಮ ಹೊಸಬ ಪ್ರಶಸ್ತಿ ನಮ್ಮ ಸ್ಟೀಫನ್ ಹೋಲ್ಟ್‌ಗೆ ಬಂತು. ಆದರೆ ಅದು ಬರುವ ಮೊದಲೇ ಹುಡುಗನನ್ನು ಜಿನೆಬ್ರಾಕ್ಕೆ ಕೊಟ್ಟುಬಿಟ್ಟಿದ್ದರು. ಬದಲಿಗೆ ಬಂದವರಲ್ಲಿ ಒಬ್ಬ, ಏಳು ವರ್ಷದ ಹಿಂದೆ ನಾವೇ ಕೈಬಿಟ್ಟಿದ್ದ ಸ್ಟಾಂಡ್‌ಹಾರ್ಡಿಂಗರ್. ವಯಸ್ಸು ಮೂವತ್ತೈದು. ಕೆಲವೇ ತಿಂಗಳಲ್ಲಿ ಅವನು ಆಟವನ್ನೇ ಬಿಟ್ಟ.

ಕುಯಾ ಸಮಾಧಾನ ಹೇಳಿದರು: “ಯೋಚನೆ ಮಾಡಬೇಡಿ ಸರ್. ನಿಮ್ಮ ಹುಡುಗ ನಮ್ಮ ಮನೆಗೇ ಬಂದಿದ್ದಾನೆ, ಚೆನ್ನಾಗಿ ನೋಡಿಕೊಳ್ಳುತ್ತೇವೆ.”

ಹೀಗೆ ನಾನೂ ಕುಯಾನೂ ಬೀಗರಾದೆವು. ಈಗ ಜಿನೆಬ್ರಾ ಆಟವನ್ನೂ ನೋಡುತ್ತೇನೆ. ಹುಡುಗ ಬುಟ್ಟಿಗೆ ಹಾಕಿದರೆ ಖುಷಿ. ಅವನನ್ನು ಬೆಂಚಿನಲ್ಲಿ ಕೂರಿಸಿದರೆ ಕೊಟ್ಟ ಮನೆಯ ಮೇಲೆ ಸಿಟ್ಟು. ಅವರು ಗೆಲ್ಲಲಿ, ನನ್ನದೇನೂ ಅಭ್ಯಂತರವಿಲ್ಲ. ಆದರೆ ಟೆರಾಫರ್ಮಾ ಎದುರಾದ ದಿನ ಹುಡುಗ ಮೂವತ್ತು ಅಂಕ ಹೊಡೆಯಲಿ, ಬೀಗರು ಒಂದು ಅಂಕದಿಂದ ಸೋಲಲಿ. ಲಿಫ್ಟಿನ ಹತ್ತಿರ ನಿಂತು ದನಿ ತಗ್ಗಿಸಿ ಹೇಳುವ ಸರದಿ ನನಗೂ ಒಮ್ಮೆ ಬರಬೇಡವೇ?